ಸಾಕಿದವಳ ಪಾಲು: ಒಂದು ಸ್ಪ್ಯಾನಿಷ್ ಧಾರಾವಾಹಿಯ ಚರಿತ್ರೆ

ಕಳೆದ ಬೇಸಿಗೆಯಲ್ಲಿ ಅಮ್ಮ ಆರು ತಿಂಗಳ ಮಟ್ಟಿಗೆ ಟೆಕ್ಸಸ್‌ನ ನಮ್ಮ ಮನೆಗೆ ಬಂದಿದ್ದರು. ಹಗಲು ಹೊತ್ತು ಹೇಗೋ ಕಳೆಯುತ್ತಿತ್ತು. ಸಂಜೆಯಾದರೆ ಅವರಿಗೆ ಊರಿನ ಧಾರಾವಾಹಿಗಳ ನೆನಪು. ಒಂದು ದಿನ ರಿಮೋಟ್ ಒತ್ತುತ್ತ ಒತ್ತುತ್ತ ಸ್ಪ್ಯಾನಿಷ್ ವಾಹಿನಿಯೊಂದಕ್ಕೆ ಬಂದು ಅಲ್ಲಿಯೇ ನಿಂತರು. ಭಾಷೆಯ ಒಂದಕ್ಷರವೂ ತಿಳಿಯದಿದ್ದರೂ ಕಥೆ ಅವರಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಯಾರು ಯಾರ ಮಗ, ಯಾರ ಕಣ್ಣು ತೋಟದ ಮೇಲಿದೆ, ಯಾವ ಮುದುಕ ಇನ್ನೆರಡು ವಾರದಲ್ಲಿ ಸಾಯುತ್ತಾನೆ ಎಂಬುದನ್ನೆಲ್ಲ ಅಡುಗೆಮನೆಯಲ್ಲಿದ್ದ ನಮಗೆ ಕೂಗಿ ಹೇಳುತ್ತಿದ್ದರು. ಒಂದು ಸಂಜೆ ವಕೀಲನೊಬ್ಬ ಉಯಿಲು ಓದುವ ದೃಶ್ಯ ಬಂತು. ಸೋಫಾದಲ್ಲಿ ಮನೆಮಂದಿಯೆಲ್ಲ ಕುಳಿತಿದ್ದರು. ಹಿಂದೆ ಗೋಡೆಗೆ ಒರಗಿ ವಯಸ್ಸಾದ ಕೆಲಸದವಳೊಬ್ಬಳು ನಿಂತಿದ್ದಳು. "ಆ ಹುಡುಗನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ ಕಣೋ. ಅವಳ ಹೆಸರು ಅದರಲ್ಲಿ ಇದೆಯಂತೇನೋ?" ಎಂದು ಅಮ್ಮ ಕೇಳಿದರು.

ಇರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ತಲುಪಿದ್ದು 1948ರ ಹವಾನಾ ನಗರವನ್ನು. ಅಲ್ಲಿನ ರೇಡಿಯೊದಲ್ಲಿ ಬಂದ ಒಂದು ಕಥೆಯನ್ನು. ಇಂದು 'ಟೆಲಿನೊವೆಲಾ' ಎಂದು ಜಗತ್ತೆಲ್ಲ ಕರೆಯುವ ಕಥನಪ್ರಕಾರಕ್ಕೆ, ಅಂದರೆ ಕುಟುಂಬ, ಪ್ರೇಮ, ಆಸ್ತಿ ಈ ಮೂರನ್ನು ಹೆಣೆದು ತಿಂಗಳುಗಟ್ಟಲೆ ನಡೆದು ಕೊನೆಗೊಮ್ಮೆ ಖಂಡಿತವಾಗಿ ಮುಗಿಯುವ ಧಾರಾವಾಹಿಗೆ, ಆ ಕಥೆಯನ್ನು ತಾಯಿಬೇರೆಂದು ಕರೆದರೆ ತಪ್ಪಾಗಲಾರದು. (ಮುಗಿಯುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ಮೆಗಾ ಧಾರಾವಾಹಿಗಳಿಗೆ ಹೋಲಿಸಿದರೆ ಅದೊಂದು ದೊಡ್ಡ ಗುಣ.)

ಕಥೆಗೂ ಮುಂಚೆ ಕ್ಯೂಬಾದಲ್ಲಿ ಕಥೆ ಕೇಳುವ ಅಭ್ಯಾಸವಿತ್ತು. ಅದು ಬೆಳೆದದ್ದು ಚುಟ್ಟಾ ಕಾರ್ಖಾನೆಗಳಲ್ಲಿ. 1865ರಲ್ಲಿ ಹವಾನಾದ ಎಲ್ ಫಿಗಾರೊ ಎಂಬ ಕಾರ್ಖಾನೆಯಲ್ಲಿ ಒಂದು ಹೊಸ ಪದ್ಧತಿ ಮೊದಲಾಯಿತು. ನೂರಾರು ಕೆಲಸಗಾರರು ತಲೆತಗ್ಗಿಸಿ ತಂಬಾಕಿನ ಎಲೆ ಸುತ್ತುತ್ತಿರುವಾಗ ಒಬ್ಬನು ಎತ್ತರದ ಪೀಠದ ಮೇಲೆ ಕುಳಿತು ಗಟ್ಟಿಯಾಗಿ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದಬೇಕು. ಅವನ ಸಂಬಳವನ್ನು ಕೊಡುತ್ತಿದ್ದವನು ಮಾಲೀಕನಲ್ಲ. ಕೆಲಸಗಾರರೇ ತಮ್ಮ ಕೂಲಿಯಿಂದ ಒಟ್ಟು ಹಾಕಿ ಕೊಡುತ್ತಿದ್ದರು. ಸ್ಪೇನಿನ ಆಡಳಿತಕ್ಕೆ ಇದು ಅಪಾಯಕಾರಿಯಾಗಿ ಕಂಡಿತು. ಮರುವರ್ಷವೇ ನಿಷೇಧ ಬಂತು. ಆದರೂ ಪದ್ಧತಿ ಸಾಯಲಿಲ್ಲ; ಮತ್ತೆ ಚಿಗುರಿತು. ಮೊಂತೆಕ್ರಿಸ್ತೊ ಎಂಬ ಚುಟ್ಟಾಕ್ಕೆ ಆ ಹೆಸರು ಬಂದದ್ದು ಕೆಲಸಗಾರರು ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯನ್ನು ಮತ್ತೆ ಮತ್ತೆ ಓದಿಸಿಕೊಂಡದ್ದರಿಂದ ಎಂದು ಹೇಳುತ್ತಾರೆ. ನಮ್ಮ ಊರಿನ ಜಗಲಿಯ ಮೇಲೆ ಗಮಕಿಯೊಬ್ಬರು ಭಾರತ ವಾಚನ ಮಾಡುವಾಗ ಸುತ್ತ ಕುಳಿತು ಕೇಳುತ್ತಿದ್ದವರನ್ನು ನೆನೆದರೆ ಈ ಚಿತ್ರ ನಮಗೆ ಅಪರಿಚಿತವೆನಿಸದು. ಅಕ್ಷರ ಬಾರದವನಿಗೂ ಕಥೆಯ ಮೇಲೆ ಹಕ್ಕಿತ್ತು. ನಾಳೆಯ ಭಾಗಕ್ಕಾಗಿ ಕಾಯುವ ಸುಖವೂ ಇತ್ತು.

ರೇಡಿಯೊ ಬಂದಾಗ ಈ ಕೇಳುಗರು ಸಿದ್ಧರಾಗಿಯೇ ಇದ್ದರು. ಹಣ ಹೂಡಿದವರು ಸಾಬೂನಿನ ಕಂಪನಿಗಳು. ಕೊಲ್ಗೇಟ್-ಪಾಮೋಲಿವ್‌ಗೆ ಸೇರಿದ ಕ್ರುಸೆಯಾಸ್, ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ ಸೇರಿದ ಸಬಾತೆಸ್ ಎಂಬ ಎರಡು ಸಂಸ್ಥೆಗಳ ಪೈಪೋಟಿಯಲ್ಲಿ ಹವಾನಾದ ರೇಡಿಯೊ ಕೇಂದ್ರಗಳು ಧಾರಾವಾಹಿಗಳನ್ನು ಹೊಸೆದು ಹೊಸೆದು ಕೊಟ್ಟವು. ಅಂಥ ಕೇಂದ್ರಗಳಲ್ಲಿ ದೊಡ್ಡದು ಸಿಎಂಕ್ಯೂ. 1948ರ ಏಪ್ರಿಲ್ 1ರಂದು ಅದು 'ಎಲ್ ದೆರೆಚೊ ದೆ ನಸೆರ್' ಎಂಬ ಕಥೆಯನ್ನು ಪ್ರಸಾರ ಮಾಡಲು ತೊಡಗಿತು. 'ಹುಟ್ಟುವ ಹಕ್ಕು' ಎಂದು ಅದರರ್ಥ. ಒಟ್ಟು 314 ಕಂತುಗಳು. ಬರೆದವನು ಫೇಲಿಕ್ಸ್ ಬಿ. ಕೈನ್ಯೆತ್.

ಕೈನ್ಯೆತ್ ಹುಟ್ಟಿದ್ದು 1892ರಲ್ಲಿ, ಕ್ಯೂಬಾದ ಪೂರ್ವಭಾಗದ ಸಾನ್ ಲೂಯಿಸ್ ಎಂಬ ಊರಿನಲ್ಲಿ. ಆ ದ್ವೀಪದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ. ಅಂದರೆ ಅವನು ಹುಟ್ಟುವುದಕ್ಕೆ ಕೇವಲ ಆರು ವರ್ಷ ಮೊದಲು. ಅವನ ಬಾಲ್ಯದ ಓಣಿಗಳಲ್ಲಿ ಓಡಾಡುತ್ತಿದ್ದ ಕಪ್ಪು ಮುದುಕಿಯರಲ್ಲಿ ಗುಲಾಮರಾಗಿ ಬಾಳಿದವರು ಎಷ್ಟೋ ಮಂದಿ ಇದ್ದಿರಬೇಕು. ಅವನಿಗೆ ಇಪ್ಪತ್ತು ವರ್ಷವಾದಾಗ, 1912ರಲ್ಲಿ, ಅದೇ ಪೂರ್ವ ಪ್ರಾಂತ್ಯದಲ್ಲಿ ರಾಜಕೀಯ ಹಕ್ಕು ಕೇಳಿ ಎದ್ದ ಕಪ್ಪು ಜನರನ್ನು ಸರ್ಕಾರದ ಸೇನೆ ಸಾವಿರಾರು ಸಂಖ್ಯೆಯಲ್ಲಿ ಕೊಂದಿತು. ಮುಂದೆ ಕೈನ್ಯೆತ್ ಪತ್ರಕರ್ತನಾದ, ಹಾಡು ಕಟ್ಟಿದ, ರೇಡಿಯೊಗೆ ಚಾನ್ ಲಿ ಪೊ ಎಂಬ ಪತ್ತೇದಾರನ ಕಥೆಗಳನ್ನು ಬರೆದು ಹೆಸರಾದ. 'ಹುಟ್ಟುವ ಹಕ್ಕು' ಬರೆಯುವ ಹೊತ್ತಿಗೆ ಅವನಿಗೆ ಐವತ್ತೈದು ದಾಟಿತ್ತು.

ಕಥೆ ಹೀಗೆ. ಆಲ್ಬೆರ್ತೊ ಲಿಮೊಂತಾ ಎಂಬ ತರುಣ ವೈದ್ಯನ ಬಳಿಗೆ ಹೆಂಗಸೊಬ್ಬಳು ಬಂದು ಗರ್ಭಪಾತ ಮಾಡಿಸಬೇಕೆಂದು ಕೇಳುತ್ತಾಳೆ. ಅವನು ಒಪ್ಪದೆ, ಹುಟ್ಟಬಾರದೆಂದು ಎಲ್ಲರೂ ಬಯಸಿದ್ದ ಒಂದು ಮಗುವಿನ ಕಥೆಯನ್ನು ಅವಳಿಗೆ ಹೇಳುತ್ತಾನೆ. ಆ ಮಗು ಅವನೇ. ದೊನ್ ರಫಯೆಲ್ ದೆಲ್ ಹುಂಕೊ ಎಂಬ ಶ್ರೀಮಂತನ ಮಗಳು ಮರಿಯಾ ಎಲೆನಾ. ಅವಳು ಮದುವೆಯಾಗದೆ ತಾಯಿಯಾದಾಗ ಮನೆತನದ ಮಾನ ಉಳಿಸಲು ದೊನ್ ರಫಯೆಲ್ ಮೊಮ್ಮಗನನ್ನು ಕೊಂದುಹಾಕಲು ತನ್ನ ಆಳಿಗೆ ಆಜ್ಞಾಪಿಸುತ್ತಾನೆ. ಮನೆಯ ಕಪ್ಪು ದಾದಿ ದೊಲೊರೆಸ್ ಮಗುವನ್ನು ಎತ್ತಿಕೊಂಡು ಓಡಿಹೋಗುತ್ತಾಳೆ. ತನ್ನ ಮಗನೆಂದೇ ಸಾಕುತ್ತಾಳೆ, ಓದಿಸುತ್ತಾಳೆ. ಅವನ ಬಾಯಲ್ಲಿ ಅವಳು ಮಮಾ ದೊಲೊರೆಸ್. ಇದು ನಮ್ಮ 'ಮಾಮ' ಅಲ್ಲ, ಸ್ಪ್ಯಾನಿಷ್‌ನಲ್ಲಿ 'ಅಮ್ಮ'. ದೊಲೊರೆಸ್ ಎಂಬ ಮಾತಿಗೆ ನೋವುಗಳು ಎಂದರ್ಥ. ಇತ್ತ ಹೆತ್ತ ತಾಯಿ ಮಗನನ್ನು ಕಳೆದುಕೊಂಡ ದುಃಖದಲ್ಲಿ ಕ್ರೈಸ್ತ ಸನ್ಯಾಸಿನಿಯಾಗುತ್ತಾಳೆ. ವರ್ಷಗಳು ಉರುಳುತ್ತವೆ. ಸಾವಿನಂಚಿನಲ್ಲಿದ್ದ ದೊನ್ ರಫಯೆಲ್‌ಗೆ ರಕ್ತ ಕೊಟ್ಟು ಬದುಕಿಸುವವನು ಅವನು ಕೊಲ್ಲಿಸಹೊರಟಿದ್ದ ಅದೇ ಮೊಮ್ಮಗ. ಆಗ ಇಬ್ಬರಿಗೂ ಪರಸ್ಪರ ಗುರುತಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಕರ್ಣ ನೆನಪಾಗದೆ ಇರಲಾರ. ಪಂಪ, ಕುಮಾರವ್ಯಾಸರ ನಾಡಿನವರಾದ ನಮಗೆ ತೊರೆದ ಮಗುವಿನ ಕಥೆ ಹೊಸತಲ್ಲ. ಆದರೆ ನನ್ನ ಗಮನ ಸೆಳೆದದ್ದು ಹೆಸರಿನ ವಿಚಾರ. ಕರ್ಣನಿಗೆ ರಾಧೇಯ ಎಂಬ ಹೆಸರು ಬಂದದ್ದು ಸಾಕಿದ ರಾಧೆಯಿಂದ. ಆಲ್ಬೆರ್ತೊಗೆ ಲಿಮೊಂತಾ ಎಂಬ ಹೆಸರು ಬಂದದ್ದು ದೊಲೊರೆಸಳಿಂದ; ಅದು ಅವಳ ಮನೆತನದ ಹೆಸರು. ಸ್ಪ್ಯಾನಿಷ್ ಲೋಕದಲ್ಲಿ ಪ್ರತಿಯೊಬ್ಬರ ಹೆಸರಿನ ಹಿಂದೆಯೂ ಎರಡು ಮನೆತನಗಳು ನಿಲ್ಲುತ್ತವೆ: ಮೊದಲು ತಂದೆಯದು, ಆಮೇಲೆ ತಾಯಿಯದು. ಒಂದೇ ಹೆಸರಿದ್ದವನು ಶಾಲೆಯಲ್ಲಿ ಹಾಜರಿ ಕೂಗುವಾಗಲೇ ಗುರುತಾಗಿಬಿಡುತ್ತಿದ್ದ.

ಈ ಕಥೆ ಆ ಕಾಲದವರಿಗೆ ಏಕೆ ಅಷ್ಟು ನಾಟಿತು ಎಂಬುದಕ್ಕೆ ಕಾನೂನಿನ ಕಡೆಗೂ ನೋಡಬೇಕು. ಕ್ಯೂಬಾಕ್ಕೆ 1889ರಲ್ಲಿ ಬಂದ ಸ್ಪೇನಿನ ನಾಗರಿಕ ಸಂಹಿತೆ ಸ್ವಾತಂತ್ರ್ಯದ ನಂತರವೂ ಉಳಿದುಕೊಂಡಿತ್ತು. ಅದು ಮಕ್ಕಳನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿತ್ತು. ಮದುವೆಯೊಳಗೆ ಹುಟ್ಟಿದವರಿಗೆ ಪೂರ್ಣ ಪಾಲು. ಮದುವೆಯಾಗಬಹುದಾಗಿದ್ದೂ ಆಗದ ತಂದೆತಾಯಿಗಳು ತಮ್ಮದೆಂದು ಒಪ್ಪಿಕೊಂಡ ಮಕ್ಕಳಿಗೆ ಕಡಿಮೆ ಪಾಲು. ಉಳಿದವರಿಗೆ ಹೊಟ್ಟೆಪಾಡಿನ ಖರ್ಚು ಮಾತ್ರ. 1940ರ ಹೊಸ ಸಂವಿಧಾನ ಈ ಹಣೆಪಟ್ಟಿಗಳನ್ನೆಲ್ಲ ಅಳಿಸಿಹಾಕಿತು. ಮಗುವಿನ ಹುಟ್ಟನ್ನು ಕುರಿತ ಯಾವ ವಿಶೇಷಣವೂ ಇನ್ನು ಮುಂದೆ ಇರತಕ್ಕದ್ದಲ್ಲ ಎಂದು ಅದರ 44ನೆಯ ವಿಧಿ ಸಾರಿತು. ಆದರೆ ಅದೇ ವಿಧಿಯಲ್ಲಿ ಒಂದು ಕೊಕ್ಕೆಯೂ ಇತ್ತು: ಮದುವೆಯ ಹೊರಗೆ ಹುಟ್ಟಿದವರಿಗೆ ಸಮಾನ ಹಕ್ಕು ಕೊಡುವಾಗ, ಉತ್ತರಾಧಿಕಾರದ ಬಗೆಗೆ ಕಾನೂನು ಹೇಳುವುದನ್ನು ಹೊರತುಪಡಿಸಿ ಎಂದಿತು. ಕಳಂಕ ಹೋಯಿತು, ಆಸ್ತಿಯ ಬಾಗಿಲು ಮಾತ್ರ ಪೂರ್ತಿ ತೆರೆಯಲಿಲ್ಲ. ಇದಾಗಿ ಎಂಟು ವರ್ಷಕ್ಕೆ ಕೈನ್ಯೆತ್‌ನ ಧಾರಾವಾಹಿ ಬಂತು. ಕೇಳುತ್ತಿದ್ದವರಲ್ಲಿ ಒಂದೇ ಮನೆತನದ ಹೆಸರು ಹೊತ್ತವರು ಕಡಿಮೆಯೇನೂ ಇರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಸಂಹಿತೆಯ ಪ್ರಕಾರ ಅಂಥ ಮಗು ತಾಯಿಯ ಆಸ್ತಿಯಲ್ಲಿ ಅಷ್ಟಿಷ್ಟು ಕೇಳಬಹುದಿತ್ತು. ಉಯಿಲು ಬರೆಯದೆ ಸತ್ತ ತಾತನ ಆಸ್ತಿಯನ್ನು ಕೇಳುವಂತಿರಲಿಲ್ಲ. ಎಂದಮೇಲೆ ದೊನ್ ರಫಯೆಲ್ ಹೆದರಿದ್ದು ತನ್ನ ಜಮೀನು ಕೈಬಿಟ್ಟುಹೋಗುವುದೆಂದಲ್ಲ. ಅವನು ಕಾಯುತ್ತಿದ್ದದ್ದು ದೆಲ್ ಹುಂಕೊ ಎಂಬ ಹೆಸರನ್ನು. ಕೈನ್ಯೆತ್‌ನ ಕಥೆಯಲ್ಲಿ ಆಸ್ತಿಯೆಂದರೆ ಹಣವಲ್ಲ, ಹೆಸರು ಎಂದು ನನಗೆ ಅನ್ನಿಸುವುದು ಇದರಿಂದಲೇ. ಮುಂದೆ ಬಂದವರು ಆ ಹೆಸರಿನ ಜಾಗದಲ್ಲಿ ಬಂಗಲೆ, ಕಾರ್ಖಾನೆ, ಕುದುರೆಗಳಿರುವ ಜಮೀನುಗಳನ್ನು ತಂದು ಕೂರಿಸಿದರು.

ಪ್ರಸಾರದ ದಿನಗಳಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳಲೇಬೇಕು. ದೊನ್ ರಫಯೆಲ್‌ನ ದನಿಯಾಗಿದ್ದ ನಟ ಹೊಸೆ ಗೌಲಾ ಸಂಬಳ ಹೆಚ್ಚಿಸಬೇಕೆಂದು ಹಟ ಹಿಡಿದನಂತೆ. ಕೈನ್ಯೆತ್ ವಾದಕ್ಕೆ ಹೋಗಲಿಲ್ಲ. ವೈದ್ಯನು ತನ್ನ ಮೊಮ್ಮಗನೆಂದು ತಿಳಿದ ಆಘಾತಕ್ಕೆ ದೊನ್ ರಫಯೆಲ್‌ಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು ಎಂದು ಬರೆದುಬಿಟ್ಟ. ರಹಸ್ಯ ಬಲ್ಲವನು ಹಾಸಿಗೆಯಲ್ಲಿ ಬರಿದೇ ನರಳುತ್ತಿದ್ದಾನೆ. ಕಂತಿನ ಮೇಲೆ ಕಂತು ಉರುಳುತ್ತಿದೆ. ದೊನ್ ರಫಯೆಲ್ ಎಂದು ಮಾತಾಡುತ್ತಾನೆ ಎಂದು ದೇಶವೇ ಕಾಯುತ್ತಿದೆ. ಟೆಲಿನೊವೆಲಾಗಳಲ್ಲಿ ಇಂದಿಗೂ ಸತ್ಯ ಗೊತ್ತಿದ್ದವರೇ ಪಾರ್ಶ್ವವಾಯು ಬಂದು ಮಲಗುವುದನ್ನು ಕಂಡಾಗಲೆಲ್ಲ ನನಗೆ ಆ ಸಂಬಳದ ಜಗಳ ನೆನಪಾಗಿ ನಗು ಬರುತ್ತದೆ.

ಎರಡನೆಯದು ನಗು ತರುವಂಥದ್ದಲ್ಲ. ಕಥಾನಾಯಕಿ ಇಸಾಬೆಲ್ ಕ್ರಿಸ್ತಿನಾಳ ದನಿಯಾಗಿದ್ದವಳು ಮರಿಯಾ ವಲೇರೊ. ಸ್ಪೇನಿನ ಅಂತರ್ಯುದ್ಧದ ನಂತರ ದೇಶ ಬಿಟ್ಟು ಬಂದಿದ್ದ ನಟಿ. 1948ರ ನವೆಂಬರ್‌ನಲ್ಲಿ ಆಕಾಶದಲ್ಲಿ ಧೂಮಕೇತುವೊಂದು ಕಾಣಿಸಿಕೊಂಡಿತ್ತು. ಅದನ್ನು ನೋಡಲೆಂದು ಬೆಳಗಿನ ಜಾವ ರಸ್ತೆ ದಾಟುವಾಗ ಕಾರು ಬಡಿದು ಆಕೆ ತೀರಿಕೊಂಡಳು. ಪಾತ್ರವನ್ನು ಮಿನಿನ್ ಬುಹೋನೆಸ್ ಎಂಬ ನಟಿ ಮುಂದುವರಿಸಿದಳು.

ಕಥೆ ಕ್ಯೂಬಾದಲ್ಲಿಯೇ ನಿಲ್ಲಲಿಲ್ಲ. 1952ರಲ್ಲಿ ಮೆಕ್ಸಿಕೊದಲ್ಲಿ ಚಲನಚಿತ್ರವಾಯಿತು. 1958ರಲ್ಲಿ ಅದೇ ದೇಶದ ದೂರದರ್ಶನದಲ್ಲಿ 'ಸೆಂದಾ ಪ್ರೊಇಬಿದಾ' ಎಂಬ ಮೊದಲ ಟೆಲಿನೊವೆಲಾ ಬಂತು. ಅದಕ್ಕೂ ಹಣ ಕೊಟ್ಟದ್ದು ಕೊಲ್ಗೇಟ್. ಆಮೇಲೆ ಮೆಕ್ಸಿಕೊದ ಟಿವಿಯಲ್ಲಿ 'ಹುಟ್ಟುವ ಹಕ್ಕು' 1966, 1981, 2001ರಲ್ಲಿ ಮತ್ತೆ ಮತ್ತೆ ಹುಟ್ಟಿತು. ನಡುವೆ ಕ್ಯೂಬಾದ ಕ್ರಾಂತಿ ಆ ದೇಶದ ಬರಹಗಾರರನ್ನು ಚೆದುರಿಸಿಬಿಟ್ಟಿತ್ತು. ಸಿಎಂಕ್ಯೂ 1960ರಲ್ಲಿ ಸರ್ಕಾರದ ವಶವಾಯಿತು. ದೇಲಿಯಾ ಫಿಯಾಯೊ 1966ರಲ್ಲಿ ಮಯಾಮಿಗೆ ಬಂದು ನೆಲೆಸಿ, ಅಲ್ಲಿಂದಲೇ ವೆನೆಜುವೆಲಾದ ವಾಹಿನಿಗಳಿಗೆ ಬರೆದಳು. ಗಂಡು ವಾರಸುದಾರನೇ ಬೇಕೆಂಬ ಶ್ರೀಮಂತನ ಮನೆಯಲ್ಲಿ ಹೆಣ್ಣುಮಗು ಅದಲುಬದಲಾಗುವ 'ಎಸ್ಮೆರಾಲ್ದಾ' (1970) ಅವಳದು. ಜಮೀನ್ದಾರನ ಮೊಮ್ಮಗಳು ಸರ್ಕಸ್ಸಿನ ಅಲೆಮಾರಿಗಳ ನಡುವೆ ಬೆಳೆಯುವ 'ಕಸಾಂದ್ರಾ' (1992) ಕೂಡ ಅವಳದೇ. ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾಯಿತು. ಬಿಟ್ಟುಬಂದ ಊರಿನ ಮನೆ, ಕಳೆದುಹೋದ ಪಾಲು, ಹಿಂದಿರುಗುವ ಆಸೆ ಇವನ್ನೇ ಬರೆದವಳು ತಾನೇ ಊರು ಬಿಟ್ಟವಳು ಎಂಬುದು ನಮ್ಮಂಥವರಿಗೆ ಸುಲಭವಾಗಿ ಅರ್ಥವಾಗುವ ಸಂಗತಿ. ಕೈನ್ಯೆತ್ ಮಾತ್ರ ಊರು ಬಿಡಲಿಲ್ಲ. 1976ರಲ್ಲಿ ಹವಾನಾದಲ್ಲಿಯೇ ತೀರಿಕೊಂಡ.

ಮೆಕ್ಸಿಕೊದ ಕಥೆಗಳಲ್ಲಿ ಉಯಿಲಿಗೆ ಅಷ್ಟು ಪ್ರಾಧಾನ್ಯ ಏಕೆ ಎಂಬುದಕ್ಕೂ ಕಾನೂನಿನಲ್ಲಿ ಒಂದು ಕಾರಣ ಕಾಣುತ್ತದೆ. ಸ್ಪೇನಿನ ಸಂಪ್ರದಾಯದಲ್ಲಿ ತಂದೆ ತನ್ನ ಆಸ್ತಿಯ ಬಹುಪಾಲನ್ನು ಮಕ್ಕಳಿಗೆ ಬಿಡಲೇಬೇಕು. ಮೆಕ್ಸಿಕೊ 1884ರಲ್ಲಿಯೇ ಆ ಕಟ್ಟನ್ನು ಬಿಚ್ಚಿತು. ಅವಲಂಬಿತರಿಗೆ ಜೀವನಾಂಶ ಸಲ್ಲುವಂತಿದ್ದರೆ ಸಾಕು, ಉಳಿದುದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಸಾಯುವ ಮುದುಕನ ದಿಂಬಿನ ಕೆಳಗಿನ ಕಾಗದಕ್ಕೆ ಅಲ್ಲಿ ಇಷ್ಟು ಬೆಲೆ ಬಂದದ್ದು ಆ ಸ್ವಾತಂತ್ರ್ಯದಿಂದ ಎಂಬುದು ನನ್ನ ಊಹೆ. 1979ರಲ್ಲಿ ಬಂದ 'ಲೊಸ್ ರಿಕೊಸ್ ತಾಂಬಿಯೆನ್ ಯೊರಾನ್', ಅಂದರೆ 'ಶ್ರೀಮಂತರೂ ಅಳುತ್ತಾರೆ', ಇದಕ್ಕೆ ಒಳ್ಳೆಯ ಉದಾಹರಣೆ. ತಂದೆ ಸತ್ತ ಮೇಲೆ ಮಲತಾಯಿಯ ಕೈಗೆ ಮನೆ, ಜಮೀನು ಕಳೆದುಕೊಂಡ ಮರಿಯಾನಾ ಪಟ್ಟಣ ಸೇರಿ ಕೋಟ್ಯಧೀಶನೊಬ್ಬನ ಆಶ್ರಯ ಪಡೆಯುತ್ತಾಳೆ, ಅವನ ಮಗನನ್ನು ಮದುವೆಯಾಗುತ್ತಾಳೆ, ಆಮೇಲೆ ಬುದ್ಧಿ ಸ್ಥಿಮಿತದಲ್ಲಿಲ್ಲದ ಹೊತ್ತಿನಲ್ಲಿ ತನ್ನ ಮಗುವನ್ನು ಲಾಟರಿ ಚೀಟಿ ಮಾರುವ ಬಡವಿಯೊಬ್ಬಳಿಗೆ ಕೊಟ್ಟು, ಉಳಿದ ಕಂತುಗಳಲ್ಲೆಲ್ಲ ಅದನ್ನು ಹುಡುಕುತ್ತಾಳೆ. ಮೂಲಕಥೆ ಬರೆದವಳು ಇನೆಸ್ ರೊದೇನಾ, ಆಕೆಯೂ ಕ್ಯೂಬಾದವಳೇ. ಮರಿಯಾನಾ ಆಗಿದ್ದ ವೆರೋನಿಕಾ ಕಾಸ್ತ್ರೊ 1981ರ 'ಹುಟ್ಟುವ ಹಕ್ಕು'ವಿನಲ್ಲಿ ಮರಿಯಾ ಎಲೆನಾಳೂ ಆದಳು. 1991ರ ಕೊನೆಯಲ್ಲಿ ಈ ಧಾರಾವಾಹಿ ಮಾಸ್ಕೊದ ಟಿವಿಯಲ್ಲಿ ಶುರುವಾದಾಗ ಸೋವಿಯತ್ ಒಕ್ಕೂಟವಿತ್ತು, ಮುಗಿಯುವಾಗ ಇರಲಿಲ್ಲ.

ಈ ಪರಂಪರೆಯ ಒಂದು ಕವಲು ನಮ್ಮ ಬಾಲ್ಯದವರೆಗೂ ಬಂದಿದೆ. ಪೆರು ದೇಶದಲ್ಲಿ 1969ರಲ್ಲಿ ಶುರುವಾದ 'ಸಿಂಪ್ಲೆಮೆಂತೆ ಮರಿಯಾ' ಎಂಬುದರಲ್ಲಿ ಹಳ್ಳಿಯಿಂದ ಬಂದ ಮನೆಗೆಲಸದ ಹುಡುಗಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಹೊಲಿಗೆ ಯಂತ್ರದಿಂದ ಬದುಕು ಕಟ್ಟಿಕೊಳ್ಳುತ್ತಾಳೆ. ಅದನ್ನು ನೋಡಿದ ಮನೆಗೆಲಸದ ಹೆಣ್ಣುಮಕ್ಕಳು ಹೊಲಿಗೆ ಕಲಿಯಲು, ಶಾಲೆ ಸೇರಲು ಮುಂದಾದರು. ಮೆಕ್ಸಿಕೊದ ಮಿಗೆಲ್ ಸಬಿದೊ ಇದನ್ನು ಅಭ್ಯಸಿಸಿ, ವಯಸ್ಕರ ಸಾಕ್ಷರತೆಗೆಂದು 'ವೆನ್ ಕೊನ್ಮಿಗೊ' (1975), ಕುಟುಂಬ ಯೋಜನೆಗೆಂದು 'ಅಕೊಂಪಾನ್ಯಮೆ' (1977) ಎಂಬ ಧಾರಾವಾಹಿಗಳನ್ನು ರೂಪಿಸಿದ. ಭಾರತ ಸರ್ಕಾರದ ಹಿರಿಯ ಅಧಿಕಾರಿ ಎಸ್.ಎಸ್. ಗಿಲ್ 1983ರಲ್ಲಿ ಮೆಕ್ಸಿಕೊಗೆ ಹೋಗಿ ಈ ಪ್ರಯೋಗವನ್ನು ಕಂಡು ಬಂದರು. ಅದರ ಫಲ 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ 'ಹಮ್ ಲೋಗ್'. ಪ್ರತಿ ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಎರಡು ಮಾತು ಹೇಳುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೊದಮೊದಲು ಕುಟುಂಬ ಯೋಜನೆಯ ಉಪದೇಶ ಹೆಚ್ಚಾಗಿ ಜನ ಬೇಸರಗೊಂಡರು. ಉಪದೇಶ ಇಳಿಸಿ ಸಂಸಾರದ ಕಥೆ ಏರಿಸಿದ ಮೇಲೆ ಅಂಟಿಕೊಂಡರು. ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಆಗಲೂ ಅಮ್ಮನೇ ಕಥೆ ಬಿಡಿಸಿ ಹೇಳುತ್ತಿದ್ದರು.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಮಮಾ ದೊಲೊರೆಸಳ ಪಾಲೇನು? ಕಥೆಯೊಳಗೆ ಅವಳಿಗೆ ಮಗನ ಪ್ರೀತಿ ಸಿಗುತ್ತದೆ. ಅವಳ ಹೆಸರು ಅವನ ಹೆಸರಾಗಿ ಉಳಿಯುತ್ತದೆ. ಕಪ್ಪು ಹೆಂಗಸನ್ನು ಇಡೀ ಕಥೆಯ ಧರ್ಮವಾಗಿ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಅವಳ ಒಳ್ಳೆಯತನವೆಲ್ಲ ಬಿಳಿಯರ ಮಗುವನ್ನು ಸಾಕುವುದರಲ್ಲಿಯೇ ಮುಗಿದುಹೋಗುತ್ತದೆ. ಅವಳಿಗೆ ಸ್ವಂತದ್ದೆಂಬ ಬಾಳು ಕಥೆಯಲ್ಲಿಲ್ಲ. ಕಥೆಯ ಹೊರಗೆ ಬಂದರೆ ಇನ್ನೂ ಕಷ್ಟ. 1952ರ ಚಿತ್ರದಲ್ಲಿ ಈ ಪಾತ್ರ ಮಾಡಿದ ಲೂಪೆ ಸುವಾರೆಸ್ ಬಿಳಿಯ ನಟಿ. ಮುಖಕ್ಕೆ ಕಪ್ಪು ಬಳಿದುಕೊಂಡು ನಟಿಸಿದಳು. 1966ರ ಚಿತ್ರದಲ್ಲಿ ಪಾತ್ರ ಕ್ಯೂಬಾದ ಕಪ್ಪು ಕಲಾವಿದೆ ಎಉಸೆಬಿಯಾ ಕೋಸ್ಮೆಗೆ ದೊರೆಯಿತು. ಕಾವ್ಯವಾಚನದಿಂದ ಅವಳು ಅಮೆರಿಕ ಖಂಡದ ಹಲವು ದೇಶಗಳಲ್ಲಿ ಅದಾಗಲೇ ಹೆಸರಾಗಿದ್ದಳು.

ಬ್ರೆಜಿಲ್‌ನಲ್ಲಿ ಕಥೆ ಪೋರ್ಚುಗೀಸ್ ಭಾಷೆಗೆ ಬಂದು 1964ರಿಂದ 1965ರವರೆಗೆ ಟಿವಿ ಟುಪಿಯಲ್ಲಿ ಪ್ರಸಾರವಾಯಿತು. ಮುಗಿದಾಗ ಸಾವೊ ಪಾಲೊದ ಇಬಿರಾಪುಯೆರಾ, ರಿಯೊದ ಮರಕನಾಜಿನ್ಯೊ ಕ್ರೀಡಾಂಗಣಗಳಲ್ಲಿ ನಟನಟಿಯರನ್ನು ನೋಡಲು ಜನ ಕಿಕ್ಕಿರಿದರು. ಮಮಾ ದೊಲೊರೆಸ್ ಆಗಿದ್ದವಳು ಇಸೌರಾ ಬ್ರೂನೊ ಎಂಬ ಕಪ್ಪು ನಟಿ. ಅವಳು ಹಿಂದೆ ಮನೆಗೆಲಸ ಮಾಡಿಕೊಂಡಿದ್ದವಳು. ಆ ಒಂದು ವರ್ಷ ದೇಶವೆಲ್ಲ ಅವಳನ್ನು ಅಮ್ಮ ಎಂದು ಕರೆಯಿತು. ಆಮೇಲೆ ಅವಳಿಗೆ ಅಂಥ ಪಾತ್ರ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಬೀದಿಯಲ್ಲಿ ಸಿಹಿತಿಂಡಿ ಮಾರಿ ದಿನ ದೂಡಿ, 1977ರಲ್ಲಿ ಬಡತನದಲ್ಲಿಯೇ ತೀರಿಕೊಂಡಳು.

ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಾವು ಚಿಕ್ಕವರಿದ್ದಾಗ ಮನೆಗೆ ಬಂದು ನಮಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಅಜ್ಜಿಯ ಮಗಳು ಈಗ ಯಾವ ಊರಿನಲ್ಲಿದ್ದಾಳೋ ವಿಚಾರಿಸಬೇಕು ಎಂದರು.